ಅಪ್ಪ ತ್ಯಾಗಮೂರ್ತಿಯಾಗಿರಲಿಲ್ಲ

2024ರ ಫೆಬ್ರವರಿಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳವರು ಹಿಮ ಬೀಳುತ್ತಿದ್ದರೂ ಬಂದಿದ್ದರು, ಅಡುಗೆಯನ್ನೂ ಅವರೇ ಹಂಚಿಕೊಂಡು ಮಾಡಿ ತಂದಿದ್ದರು. ಊಟಕ್ಕೆ ಮೊದಲು ಎದ್ದು ನಿಂತು ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಅರ್ಥದ ಮಾತನ್ನು ಹೇಳಿದರು: ಮಕ್ಕಳು ಮೊಮ್ಮಕ್ಕಳ ಬಾಳು ಹಸನಾಗಲೆಂದು ಊರು, ಹೊಲ, ನೆಂಟರಿಷ್ಟರನ್ನೆಲ್ಲ ತೊರೆದು ಬಂದ ತ್ಯಾಗಜೀವಿ ಇವರು. ಪ್ರೀತಿಯಿಂದ ಹೇಳಿದ ಮಾತುಗಳವು, ಆ ಹೊತ್ತಿನಲ್ಲಿ ನಾನೂ ಕೈಮುಗಿದು ಕೇಳಿಸಿಕೊಂಡೆ. ಆದರೆ ಅಪ್ಪನನ್ನು ಹತ್ತಿರದಿಂದ ನೋಡಿದ ನನಗೆ ಆ ಚಿತ್ರ ಅವರದೆಂದು ಒಪ್ಪಿಕೊಳ್ಳಲು ಸಾಧ್ಯವಾಗುತ್ತಿಲ್ಲ. ಅವರು ನಮಗಾಗಿ ಮಾಡಿದ್ದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಮಾಡಿದ್ದನ್ನೆಲ್ಲ ಅವರು ಆಸೆಪಟ್ಟು, ಬಾಯಿ ಚಪ್ಪರಿಸಿಕೊಂಡು ಮಾಡಿದರು ಎಂಬುದನ್ನು ಮಾತ್ರ ಯಾರಾದರೂ ಬರೆದಿಡಬೇಕು ಎನ್ನಿಸಿದೆ.

ಅಪ್ಪ ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಿ, ಗೊರೂರಿಗಿಂತ ಮೇಲಕ್ಕೆ ಹೇಮಾವತಿಯ ದಂಡೆಯಲ್ಲಿದ್ದ ಒಂದು ಸಣ್ಣ ಹಳ್ಳಿಯಲ್ಲಿ. ತಾತನಿಗೆ ಹೊಳೆಯ ಪಕ್ಕದ ಒಂದಿಷ್ಟು ಗದ್ದೆ, ಮೇಲಿನ ದಿಣ್ಣೆಯಲ್ಲಿ ರಾಗಿ ಬೆಳೆಯುವ ಹೊಲ, ಎರಡು ಜೊತೆ ಎತ್ತು. ಹೈಸ್ಕೂಲಿಗೆಂದು ಹಾಸನದ ವಿದ್ಯಾರ್ಥಿನಿಲಯ ಸೇರಿದ ಹುಡುಗನಿಗೆ ಓದು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಅದೃಷ್ಟ ಒದಗಿತು. 1960ರಲ್ಲಿ ಅದೇ ಊರಿನಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮೈಸೂರಿಗೋ ಬೆಂಗಳೂರಿಗೋ ಕಳಿಸಿ ಓದಿಸುವ ಶಕ್ತಿ ತಾತನಿಗಿರಲಿಲ್ಲವಾದ್ದರಿಂದ, ಆ ಕಾಲೇಜು ಹತ್ತು ವರ್ಷ ತಡವಾಗಿ ಬಂದಿದ್ದರೆ ಅಪ್ಪ ಗದ್ದೆಯಲ್ಲೇ ಉಳಿಯುತ್ತಿದ್ದರು, ನಾನು ಇದನ್ನು ಬರೆಯುತ್ತಿರಲಿಲ್ಲ. ಮೆಕ್ಯಾನಿಕಲ್ ಪದವಿ ಮುಗಿಸಿ ಅವರು ಬೆಂಗಳೂರಿನ ಎಚ್‌ಎಂಟಿ ಸೇರಿದರು. ಲೇತು, ಮಿಲ್ಲಿಂಗ್ ಯಂತ್ರಗಳನ್ನು ತಯಾರಿಸುವ ಆ ಕಾರ್ಖಾನೆಯಲ್ಲಿ ಕಳೆದ ವರ್ಷಗಳ ಬಗ್ಗೆ ಅವರು ಕೊನೆಯವರೆಗೂ ದೇವಸ್ಥಾನದ ಬಗ್ಗೆ ಮಾತಾಡುವ ದನಿಯಲ್ಲೇ ಮಾತಾಡುತ್ತಿದ್ದರು.

ಅಂಥ ಕೆಲಸ ಬಿಟ್ಟು ಏಕೆ ಹೊರಟಿರಿ ಎಂದು ದೊಡ್ಡವನಾದ ಮೇಲೆ ಕೇಳಿದ್ದೆ. ನಿನ್ನ ಭವಿಷ್ಯಕ್ಕಾಗಿ ಎಂದು ಅವರು ಹೇಳಲಿಲ್ಲ. ಒಂದು ತಗಡನ್ನು ಒಂದೇ ಏಟಿಗೆ ಕಾರಿನ ಬಾಗಿಲಾಗಿ ಒತ್ತುವ ಪ್ರೆಸ್ಸುಗಳನ್ನು ಫೋಟೋದಲ್ಲಿ ನೋಡಿದ್ದೆ, ಅವನ್ನು ನಿಂತು ನೋಡಬೇಕಿತ್ತು ಎಂದರು. ಅಮೆರಿಕವೂ ಆಗಷ್ಟೇ ಬಾಗಿಲು ತೆರೆದಿತ್ತು. ಅದಕ್ಕೆ ಮೊದಲು ಭಾರತದವರಿಗೆ ವರ್ಷಕ್ಕೆ ನೂರು ಜನರ ಪಾಲು ಮಾತ್ರವಿತ್ತು. 1965ರ ವಲಸೆ ಕಾಯಿದೆ ಅದನ್ನು ತೆಗೆದುಹಾಕಿ, ಪೂರ್ವಾರ್ಧಗೋಳದ ಪ್ರತಿ ದೇಶಕ್ಕೂ 20,000ದ ಮಿತಿಯಿಟ್ಟು, ವೈದ್ಯರು, ಎಂಜಿನಿಯರುಗಳಂಥ ಕಸುಬು ಬಲ್ಲವರಿಗೂ ಅಲ್ಲಿನವರ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಟ್ಟಿತ್ತು. ಮದ್ರಾಸಿನ ಕಾನ್ಸುಲೇಟಿನಲ್ಲಿ ಸಂದರ್ಶನ ಮುಗಿಸಿಕೊಂಡು, ಕಾಲೇಜಿನ ಹಿರಿಯ ಸ್ನೇಹಿತರೊಬ್ಬರ ವಿಳಾಸವೊಂದನ್ನೇ ನೆಚ್ಚಿ, 1971ರಲ್ಲಿ ಅವರು ಡೆಟ್ರಾಯ್ಟಿಗೆ ಹೋದರು. ವಿದೇಶಿ ವಿನಿಮಯದ ಬಿಗಿ ನಿಯಮದಿಂದಾಗಿ ಕೈಗೆ ಸಿಕ್ಕಿದ್ದು 8 ಡಾಲರ್. ಆ ಪೀಳಿಗೆಯವರು ಯಾರೇ ಸೇರಿದರೂ ಈ 8 ಡಾಲರಿನ ಕಥೆ ಬಂದೇ ಬರುತ್ತದೆ. ಅಪ್ಪನ ಕಥೆಯಲ್ಲಿ ವಿಶೇಷವೆಂದರೆ, ಅದರಲ್ಲಿ ಎರಡು ಡಾಲರನ್ನು ಅವರು ವಿಮಾನ ನಿಲ್ದಾಣದಲ್ಲೇ ಚಾಕೊಲೇಟಿಗೆ ಖರ್ಚು ಮಾಡಿದ್ದರು. ಹಸಿವಾಗಿತ್ತೇ ಎಂದರೆ, ಇಲ್ಲ, ರುಚಿ ನೋಡಬೇಕಿತ್ತು ಎನ್ನುತ್ತಿದ್ದರು.

ಅಮ್ಮ 1973ರಲ್ಲಿ ಹೋದರು. ನಾನು ಮಾತ್ರ ಅಜ್ಜಿಯ ಬಳಿ ಉಳಿದೆ. ಐದು ವರ್ಷ ದುಡಿದು ವಾಪಸು ಬರುವವರು ಮಗುವಿನ ಓದನ್ನು ಏಕೆ ಕೆಡಿಸಬೇಕು ಎಂಬುದು ಆಗಿನ ಲೆಕ್ಕಾಚಾರ. ಹೀಗಾಗಿ ಬುದ್ಧಿ ಬಂದ ಮೇಲೆ ಅಪ್ಪನನ್ನು ನಾನು ಮೊದಲು ಕಂಡದ್ದು ನೀಲಿ ಏರೋಗ್ರಾಮುಗಳಲ್ಲಿ. ಅಂಚಿನವರೆಗೂ, ಮಡಿಚುವ ಕಿವಿಯ ಮೇಲೂ ಬಿಡದೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅಜ್ಜಿಗೆ ಓದಲು ಬಾರದ್ದರಿಂದ ನಾನೇ ಓದಿ ಹೇಳಬೇಕಿತ್ತು. ಅದು ಅವರಿಗೆ ಗೊತ್ತಿದ್ದುದರಿಂದ ಪತ್ರಗಳ ಕನ್ನಡವು ನನ್ನ ವಯಸ್ಸಿನ ಜೊತೆಗೇ ಬೆಳೆಯುತ್ತ ಹೋಯಿತು. ಮೊದಲ ವರ್ಷಗಳಲ್ಲಿ ಎಲ್ಲವೂ ಚಿಕ್ಕ ವಾಕ್ಯಗಳು, ಒತ್ತಕ್ಷರ ಆದಷ್ಟು ಕಡಿಮೆ. ನಾನು ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ಹಿಮ ಹೇಗೆ ಉಂಟಾಗುತ್ತದೆ, ಸಮುದ್ರದಷ್ಟು ದೊಡ್ಡ ಸರೋವರದಲ್ಲಿ ಉಪ್ಪೇಕಿಲ್ಲ ಎಂಬಂಥ ವಿಷಯಗಳ ಮೇಲೆ ಉದ್ದುದ್ದ ವಾಕ್ಯಗಳು. ನನಗೆ ಕನ್ನಡ ಓದಲು ಕಲಿಸಿದವರು ಹಾಸನದ ಮೇಷ್ಟರೆಂದೇ ಬಹುಕಾಲ ತಿಳಿದಿದ್ದೆ. ಈಗ ಆ ಪತ್ರಗಳನ್ನು ಸಾಲಾಗಿ ಜೋಡಿಸಿ ಓದಿದರೆ ಪಾಠಗಳನ್ನು ಕ್ರಮವಾಗಿ ಹಾಕಿಕೊಟ್ಟವರು ಯಾರೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ಪತ್ರಗಳು ಅಜ್ಜಿಯ ತಗಡಿನ ಡಬ್ಬಿಯಿಂದ ನನಗೆ ಬಂದವು. ಅಪ್ಪನ ಜಮಾಖರ್ಚಿನ ಪುಸ್ತಕಗಳು ಅವರು ಹೋದ ಮೇಲೆ ನೆಲಮಾಳಿಗೆಯಲ್ಲಿ ಸಿಕ್ಕವು. 1971ರಿಂದ ಕೊನೆಯ ಆಸ್ಪತ್ರೆಯ ಬಿಲ್ಲಿನವರೆಗೂ ಅವರು ಲೆಕ್ಕವನ್ನು ಕನ್ನಡ ಅಂಕಿಗಳಲ್ಲೇ ಬರೆದಿಟ್ಟಿದ್ದರು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಪ್ಪನ ಇಡೀ ಸ್ವಭಾವ ಬಿಚ್ಚಿಕೊಳ್ಳುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಪೆಟ್ರೋಲಿನ ಬೆಲೆ ಏರಿತು, ದೊಡ್ಡ ಕಾರುಗಳನ್ನು ಕೇಳುವವರಿಲ್ಲದಂತಾಯಿತು. ಮುಂದಿನ ಎರಡು ವರ್ಷ ಡೆಟ್ರಾಯ್ಟಿನ ಕಾರ್ಖಾನೆಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸಿದವು. ಕೊನೆಗೆ ಬಂದವರನ್ನು ಮೊದಲು ಕಳಿಸುವುದು ಅಲ್ಲಿನ ರೂಢಿ, ಅಪ್ಪನೂ ಆ ಗುಂಪಿನಲ್ಲಿದ್ದರು. 1975ರ ಪುಟಗಳಲ್ಲಿ ಸಂಬಳದ ಜಾಗ ತಿಂಗಳುಗಟ್ಟಲೆ ಖಾಲಿ. ಅದರ ಕೆಳಗೆ ‘ಬಂಕು, ರಾತ್ರಿ ಪಾಳಿ’ ಎಂದು ಸಣ್ಣ ಮೊತ್ತಗಳು. ಎಚ್‌ಎಂಟಿಯ ಎಂಜಿನಿಯರು ಮಂಜಿನಲ್ಲಿ ನಿಂತು ಕಾರುಗಳಿಗೆ ಪೆಟ್ರೋಲು ಹಾಕುತ್ತಿದ್ದರು. ಆದರೂ ‘ಊರಿಗೆ ಡ್ರಾಫ್ಟು’ ಎಂಬ ಖರ್ಚು ಒಂದು ತಿಂಗಳೂ ತಪ್ಪಿಲ್ಲ. ಅದೇ ಚಳಿಗಾಲದ ಪತ್ರದಲ್ಲಿ ಅಜ್ಜಿಗೆ ಬರೆದದ್ದು: ಈಗ ರಾತ್ರಿ ಪಾಳಿ, ಹಗಲೆಲ್ಲ ಬಿಡುವು, ಇಲ್ಲಿನ ಲೈಬ್ರರಿಯಲ್ಲಿ ಪುಸ್ತಕ ಎಷ್ಟು ಬೇಕಾದರೂ ಕೊಡುತ್ತಾರೆ. ಗಮನಿಸಿದರೆ ಇದರಲ್ಲಿ ಒಂದೂ ಸುಳ್ಳಿಲ್ಲ. ಲೈಬ್ರರಿಯಲ್ಲಿ ಅವರು ಆ ತಿಂಗಳುಗಳಲ್ಲಿ ಅಚ್ಚುಗಳ ವಿನ್ಯಾಸವನ್ನು ಓದಿಕೊಂಡದ್ದೂ ನಿಜ, ಆ ಓದಿನ ಬಲದಿಂದಲೇ ಮುಂದಿನ ವರ್ಷ ಮೊದಲಿಗಿಂತ ಒಳ್ಳೆಯ ಕೆಲಸ ಸಿಕ್ಕಿದ್ದೂ ನಿಜ.

ಹಾಗಾದರೆ ಇದು ತ್ಯಾಗವಲ್ಲವೇ ಎಂದು ಕೇಳುವವರಿದ್ದಾರೆ, ನನ್ನ ತಂಗಿಯೂ ಕೇಳುತ್ತಾಳೆ. ಕಷ್ಟಪಟ್ಟರು ಎನ್ನಿ, ಒಪ್ಪುತ್ತೇನೆ. ಆದರೆ ತ್ಯಾಗದ ಮಾತನ್ನು ನಮ್ಮ ಮನೆಯಲ್ಲಿ ಯಾರಿಗಾದರೂ ಸಲ್ಲಿಸಬೇಕಿದ್ದರೆ ಅದು ಅಮ್ಮನಿಗೆ. ಹಾಸನದಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಅಮ್ಮ, ಅಲ್ಲಿ ದೊಡ್ಡ ಅಂಗಡಿಯೊಂದರ ಉಗ್ರಾಣದಲ್ಲಿ ಬಟ್ಟೆ ಮಡಿಚಿಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದರು, ಅದರಲ್ಲಿ ಅವರಿಗೆ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ಅಪ್ಪನಿಗೆ ಪ್ರೆಸ್ಸುಗಳಿದ್ದವು, ಹೊಸ ಊರಿನ ಕುತೂಹಲವಿತ್ತು. ಅಮ್ಮನಿಗಿದ್ದದ್ದು ಹಾಸನದಲ್ಲಿ ಬಿಟ್ಟುಬಂದ ಮಗ. ತಿಥಿಯ ದಿನ ಅಮ್ಮನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಬದುಕಿರುವವರ ಬಗ್ಗೆ ಭಾಷಣ ಮಾಡುವ ರೂಢಿ ನಮ್ಮಲ್ಲಿ ಇಲ್ಲವಲ್ಲ.

ಐದು ವರ್ಷ ಕಳೆದು ಎಂಟಾಯಿತು. ವಾಪಸು ಬರುವ ಮಾತು ಪ್ರತಿ ಪತ್ರದಲ್ಲೂ ಇತ್ತು. ಅಷ್ಟರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. 1979ರಲ್ಲಿ ಹೇಮಾವತಿಯ ನೀರು ನಿಲ್ಲತೊಡಗಿ, ನಮ್ಮ ಗದ್ದೆ, ಮನೆ, ಊರ ಬಾಗಿಲ ಮಾರಮ್ಮನ ಗುಡಿ ಎಲ್ಲವೂ ಹಿನ್ನೀರಿನಡಿಗೆ ಹೋದವು. ಅದೇ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಲು ಈಗ ಬೆಂಗಳೂರಿನಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ನಮ್ಮ ಹಳ್ಳಿಯಲ್ಲಿ ಹಾಗೆ ನೀರ ಮೇಲೆ ತಲೆಯೆತ್ತಿ ನಿಲ್ಲುವಷ್ಟು ಎತ್ತರದ್ದು ಏನೂ ಇರಲಿಲ್ಲ. ಪರಿಹಾರವಾಗಿ ಸಿಕ್ಕ ಜಮೀನಿಗೆ ಚಿಕ್ಕಪ್ಪ ಹೋದರು, ಅಜ್ಜಿ ಅವರ ಜೊತೆ ಹೋದರು, ಹನ್ನೊಂದು ವರ್ಷದ ನನ್ನನ್ನು ಡೆಟ್ರಾಯ್ಟಿಗೆ ಕಳಿಸಿದರು. ಅಪ್ಪ ಈ ಬಗ್ಗೆ ಒಮ್ಮೆಯೂ ಹಲುಬಿದ್ದನ್ನು ನಾನು ಕಂಡಿಲ್ಲ. ಅವರು ಮಾಡಿದ ಮೊದಲ ಕೆಲಸ, ಚಿಕ್ಕಪ್ಪನಿಗೆ ಕಾಗದ ಬರೆದು ಅಣೆಕಟ್ಟಿನ ನಾಲೆಗಳು ಎಲ್ಲೆಲ್ಲಿ ಹಾದುಹೋಗುತ್ತವೆ ಎಂಬ ನಕ್ಷೆಯನ್ನು ತರಿಸಿಕೊಂಡದ್ದು. ನೀರು ತುಮಕೂರಿನ ಕಡೆಗೂ ಹೋಗುತ್ತದೆಂದು ತಿಳಿದಾಗ, ನಮ್ಮ ಗದ್ದೆ ಈಗ ತುಮಕೂರಿನ ತೆಂಗಿನ ತೋಟದಲ್ಲಿದೆ ಎಂದು ಊಟದ ಹೊತ್ತಿನಲ್ಲಿ ಗಂಭೀರವಾಗಿಯೇ ಹೇಳಿದರು. ಹೋಗಲು ಊರಿಲ್ಲದ ಮೇಲೆ ವಾಪಸು ಹೋಗುವ ಮಾತು ಮನೆಯಲ್ಲಿ ತಾನಾಗಿ ನಿಂತಿತು. ಜನ ಹೇಳುವಂತೆ ಅಪ್ಪ ಊರನ್ನು ತೊರೆಯಲಿಲ್ಲ. ಅವರು ರಜೆ ಹಾಕಿ ಬಂದಿದ್ದಾಗ ಊರೇ ಎದ್ದುಹೋಯಿತು.

ನಾನು ಹೋದ ಹೊಸತರಲ್ಲಿ ಡೆಟ್ರಾಯ್ಟಿನ ಗಾಳಿ ಚೆನ್ನಾಗಿರಲಿಲ್ಲ. ಮತ್ತೆ ತೈಲದ ಬೆಲೆ ಏರಿತ್ತು, ಜಪಾನಿನ ಸಣ್ಣ ಕಾರುಗಳು ಮಾರುಕಟ್ಟೆಯನ್ನು ಹಿಡಿದಿದ್ದವು, ಕ್ರೈಸ್ಲರ್ ಕಂಪನಿಯನ್ನು ಉಳಿಸಲು ಸರ್ಕಾರವೇ 1.5 ಶತಕೋಟಿ ಡಾಲರುಗಳ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು. 1982ರ ಜೂನಿನಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ತರುಣನನ್ನು, ಜಪಾನಿನವನೆಂದು ಬಗೆದು, ಕಾರು ಉದ್ಯಮಕ್ಕೆ ಸೇರಿದ ಇಬ್ಬರು ಬೇಸ್‌ಬಾಲ್ ದಾಂಡಿನಿಂದ ಹೊಡೆದರು. ನಾಲ್ಕು ದಿನಗಳ ನಂತರ ಆತ ಸತ್ತ. ಕೊಂದವರಿಗೆ ನ್ಯಾಯಾಲಯ ಕೊಟ್ಟ ಶಿಕ್ಷೆ ಮೂರು ವರ್ಷ ಸನ್ನಡತೆಯ ನಿಗಾ ಮತ್ತು 3,000 ಡಾಲರ್ ದಂಡ. ಜೈಲಿಲ್ಲ. ನಮ್ಮವರಲ್ಲಿ ಅನೇಕರು ಅದು ಚೀನೀಯರ ವಿಷಯವೆಂದು ಸುಮ್ಮನಿದ್ದರು. ಜಗಳದ ಜಾಗಕ್ಕೆ ಹೋಗದ, ದನಿಯೆತ್ತಿ ಮಾತಾಡದ ಅಪ್ಪ 1983ರ ಮೇ ತಿಂಗಳಲ್ಲಿ ಒಂದು ದಿನ ರಜೆ ಹಾಕಿ, ಕಾರ್ಖಾನೆಯ ಗುರುತಿನ ಚೀಟಿಯನ್ನು ಕೊರಳಿಂದ ತೆಗೆಯದೆಯೇ, ಡೆಟ್ರಾಯ್ಟಿನ ಕೆನಡಿ ಚೌಕದ ಪ್ರತಿಭಟನೆಯಲ್ಲಿ ಹೋಗಿ ನಿಂತರು. ಬಂದು ರಾತ್ರಿ ಎಂದಿನಂತೆ ನನ್ನಿಂದ ಒಂದು ಪುಟ ಕನ್ನಡ ಬರೆಸಿದರು. ಆ ಒಂದು ಪುಟದ ನಿಯಮಕ್ಕೆ ಜ್ವರವೊಂದೇ ವಿನಾಯಿತಿ. ಹಡಗಿನ ಅಂಚೆಯಲ್ಲಿ ಎರಡು ತಿಂಗಳು ತಡವಾಗಿ ಬರುತ್ತಿದ್ದ ‘ಸುಧಾ’ ವಾರಪತ್ರಿಕೆಯೇ ಪಠ್ಯ. ತಂಗಿ ಅಲ್ಲೇ ಹುಟ್ಟಿದವಳು, ಈ ನಿಯಮದ ವಿರುದ್ಧ ಅವಳು ನಡೆಸಿದ ಹೋರಾಟಗಳ ಕಥೆಯೇ ಬೇರೆ.

ಅಪ್ಪ ಅಮೆರಿಕದ ಪೌರತ್ವ ತೆಗೆದುಕೊಂಡದ್ದೂ ಚಿಕ್ಕಪ್ಪನಿಗಾಗಿ. ಪೌರರಾದರೆ ಮಾತ್ರ ಒಡಹುಟ್ಟಿದವರಿಗೆ ಅರ್ಜಿ ಹಾಕಲು ಸಾಧ್ಯವಿತ್ತು. ಅದಕ್ಕೆ ಭಾರತದ ಪಾಸ್‌ಪೋರ್ಟನ್ನು ಬಿಟ್ಟುಕೊಡಬೇಕಾಯಿತು. ಅರ್ಜಿ ಸಲ್ಲಿಸಿ, ಸರದಿ ಕಾದು ಕಾದು, ಕೊನೆಗೆ ಚಿಕ್ಕಪ್ಪನ ಸಂಖ್ಯೆ ಬಂದಾಗ ಅವರು ಫೋನಿನಲ್ಲಿ, ಕಾಫಿ ಗಿಡಕ್ಕೆ ಕಸಿ ಮಾಡಿಸಿದ್ದೇನೆ, ಈಗ ಎಲ್ಲಿ ಬರಲಣ್ಣ ಎಂದುಬಿಟ್ಟರು. ಆ ದಿನ ಅಪ್ಪ ಫೋನಿಟ್ಟು ನಕ್ಕದ್ದನ್ನು ಅಮ್ಮ ಇನ್ನೂ ನೆನೆಯುತ್ತಾರೆ.

ಈಗ ಅಜ್ಜನಾದ ಅಪ್ಪನ ವಿಷಯ. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕಿದ ಹೊಸ ಕಾರ್ಖಾನೆ ಮೊಮ್ಮಕ್ಕಳು. ತಂಗಿಯ ದೊಡ್ಡ ಮಗನಿಗೆ ಐಸ್ ಹಾಕಿಯ ಹುಚ್ಚು. ಆಟದ ಅಂಗಳ ಮಕ್ಕಳಿಗೆ ಸಿಗುತ್ತಿದ್ದುದು ಬೆಳಗಿನ ಜಾವ ಐದಕ್ಕೋ ಆರಕ್ಕೋ, ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಹಾಸನದ ಮನುಷ್ಯ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತುಂಬಿಸಿಕೊಂಡು, ಚಳಿಗಾಲದುದ್ದಕ್ಕೂ ಅವನನ್ನು ಕರೆದುಕೊಂಡು ಹೋದರು. ಉಳಿದ ಅಜ್ಜ ಅಜ್ಜಿಯರು ಕಾರಿನಲ್ಲೇ ಕುಳಿತು ತೂಕಡಿಸುತ್ತಿದ್ದರೆ ಇವರು ಗಾಜಿಗೆ ಮೂಗು ತಾಗಿಸಿ ನಿಂತಿರುತ್ತಿದ್ದರಂತೆ. ಆಟದ ಮೇಲಿಗಿಂತ ಹೆಚ್ಚಿಗೆ ಅವರ ಕಣ್ಣು, ನಡುನಡುವೆ ಬಂದು ಮಂಜುಗಡ್ಡೆಯನ್ನು ಹೆರೆದು ಸಮಮಾಡುವ ಝಂಬೋನಿ ಯಂತ್ರದ ಮೇಲೆ. ಅದು ಹಿಂದಿನಿಂದ ಸುರಿಯುವುದು ಬಿಸಿ ನೀರನ್ನು. ಬಿಸಿ ನೀರಿನಲ್ಲಿ ಕರಗಿದ ಗಾಳಿ ಕಡಿಮೆಯಿರುವುದರಿಂದ ಅದು ಗುಳ್ಳೆಯಿಲ್ಲದೆ, ಕೆಳಗಿನ ಪದರಕ್ಕೆ ಗಟ್ಟಿಯಾಗಿ ಅಂಟಿಕೊಂಡು ಹೆಪ್ಪುಗಟ್ಟುತ್ತದೆ ಎಂಬುದನ್ನು ಅವರು ಮೊಮ್ಮಗನಿಗೆ ಮಾತ್ರವಲ್ಲ, ಅವನ ಇಡೀ ತಂಡಕ್ಕೆ ವಿವರಿಸಿದ್ದರು. ಯಂತ್ರ ಓಡಿಸುವಾತ ಪರಿಚಯವಾಗಿ, ಅಪ್ಪನನ್ನು ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಸುತ್ತು ಹಾಕಿಸಿದ. ಆ ದಿನದ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಾಲಮಿನಲ್ಲಿ ‘ಝಂಬೋನಿ ಸವಾರಿ, ೦’ ಎಂದು ಬರೆದಿದೆ. ಇದನ್ನು ತ್ಯಾಗ ಎನ್ನುವುದು ಹೇಗೆ?

ನನ್ನ ಮಗಳ ಪಾಲಿಗೆ ಬಂದದ್ದು ಅವರೆಕಾಯಿ. ಹಾಸನದವರಿಗೆ ಮಾಗಿಯ ಸೊಗಡವರೆಯ ಹಂಬಲ ಹೇಗಿರುತ್ತದೆಂದು ವಿವರಿಸುವ ಅಗತ್ಯವಿಲ್ಲ. ಅಪ್ಪ ಮಿಷಿಗನ್ನಿನ ಹಿತ್ತಲಿನಲ್ಲಿ ಅದನ್ನು ಬೆಳೆಯಲು ದಶಕಗಳ ಕಾಲ ಹೆಣಗಿದರು. ಬಳ್ಳಿ ಸೊಕ್ಕಿ ಹಬ್ಬುತ್ತಿತ್ತು, ಹೂವು ಮಾತ್ರ ಬಿಡುತ್ತಿರಲಿಲ್ಲ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾಗತೊಡಗಿದ ಮೇಲೆ. ಮಿಷಿಗನ್ನಿನ ಬೇಸಿಗೆಯ ಹಗಲು ಹದಿನೈದು ಗಂಟೆ, ಅದು ಸಾಕಷ್ಟು ಕುಗ್ಗುವ ವೇಳೆಗೆ ಕೊರೆಯುವ ಇಬ್ಬನಿ ಬಿದ್ದು ಬಳ್ಳಿ ಸುಟ್ಟುಹೋಗುತ್ತದೆ. ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ವಿಷಯ ಹುಡುಕುತ್ತಿದ್ದಾಗ ಇಬ್ಬರೂ ಸೇರಿ ಕುಂಡದ ಗಿಡಗಳಿಗೆ ಸಂಜೆ ಐದಕ್ಕೇ ರಟ್ಟಿನ ಪೆಟ್ಟಿಗೆ ಮುಚ್ಚಿ ಸುಳ್ಳು ರಾತ್ರಿ ಮಾಡಿದರು. ಮುಚ್ಚಿದವು ಹೂ ಬಿಟ್ಟವು, ಮುಚ್ಚದವು ಬಿಡಲಿಲ್ಲ. ಅವಳಿಗೆ ಬಹುಮಾನವೇನೂ ಬರಲಿಲ್ಲ. ಆಮೇಲೆ ಕನ್ನಡ ಕೂಟದ ಸ್ನೇಹಿತರೊಬ್ಬರಿಂದ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಜಗ್ಗದಂತೆ ರೂಪಿಸಿದ ಹೆಬ್ಬಾಳ ಅವರೆಯ ಬೀಜ ಸಿಕ್ಕಿ, ಪೆಟ್ಟಿಗೆಯ ಕಾಟವಿಲ್ಲದೆಯೇ ಆಗಸ್ಟಿನಲ್ಲಿ ಕಾಯಿ ಬಂತು. ಹಿತಕಿದ ಬೇಳೆಯ ಸಾರು, ರಾಗಿಮುದ್ದೆ ಆಯಿತು. ಊಟ ಮಾಡಿ ಅಪ್ಪ, ಚೆನ್ನಾಗಿದೆ, ಆದರೆ ಸೊಗಡಿಲ್ಲ ಎಂದು ತೀರ್ಪು ಕೊಟ್ಟು, ಮರುವರ್ಷ ಮತ್ತೆ ನಾಟಿ ಬೀಜಕ್ಕೂ ರಟ್ಟಿನ ಪೆಟ್ಟಿಗೆಗೂ ಮರಳಿದರು. ಮಗಳು ಈಗ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವಳ ವಾದ.

ಮೊಮ್ಮಕ್ಕಳಿಗೆ ಅವರು ಕನ್ನಡದ ಪುಟ ಬರೆಸಲಿಲ್ಲ ಎಂಬುದು ನನಗೂ ತಂಗಿಗೂ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. ಕೇಳಿದರೆ, ನಿಮ್ಮ ಜೊತೆ ಮಾತಾಡಲು ನನಗೆ ಸಮಯವಿರಲಿಲ್ಲ, ಅದಕ್ಕೆ ಬರೆಸುತ್ತಿದ್ದೆ, ಇವರ ಜೊತೆ ಇಡೀ ದಿನ ಮಾತಾಡುತ್ತೇನಲ್ಲ ಎಂದರು. ಡೆಟ್ರಾಯ್ಟಿನಲ್ಲಿ 2002ರಲ್ಲಿ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ನಡೆದಾಗ ಅಲ್ಲಿನ ಪಂಪ ಕನ್ನಡ ಕೂಟದವರು ಹಿರಿಯರಿಗೆಂದು ಮುಂದಿನ ಸಾಲಿನ ಕುರ್ಚಿ ಇಟ್ಟಿದ್ದರು. ಅಪ್ಪ ಅಲ್ಲಿ ಕೂರದೆ ಮೂರು ದಿನವೂ ವಾಹನ ನಿಲ್ಲಿಸುವ ಜಾಗದಲ್ಲಿ ಕೆಂಪು ಬಾವುಟ ಹಿಡಿದು ನಿಂತದ್ದನ್ನೂ ಈ ಲೆಕ್ಕಕ್ಕೇ ಸೇರಿಸಬೇಕು. ಭಾಷಣ ತಪ್ಪಿಸಿಕೊಳ್ಳಲು ಅದಕ್ಕಿಂತ ಗೌರವದ ದಾರಿಯಿಲ್ಲ ಎಂದು ಅವರೇ ಹೇಳಿದ್ದರು.

ಕೊನೆಯ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನಲ್ಲಿ ಅಸ್ಥಿಯ ಬಗ್ಗೆ ಸೂಚನೆಯಿತ್ತು. ಗೊರೂರಿನ ಹಿನ್ನೀರಿನಲ್ಲಿ, ನಮ್ಮ ಹಳ್ಳಿ ಇದ್ದ ಕಡೆ ಬಿಡಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯೇ ಆಗಬೇಕೆಂದು ಯಾರಾದರೂ ಹಟ ಹಿಡಿದರೆ, ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರಿ ಅಲ್ಲಿಂದ ಶ್ರೀರಂಗಪಟ್ಟಣಕ್ಕೇ ಹೋಗುತ್ತದೆ ಎಂದು ತಿಳಿಸಬೇಕು. ಪಕ್ಕದಲ್ಲಿ ಬಾಣದ ಗುರುತುಗಳಿರುವ ಒಂದು ಪುಟ್ಟ ನಕ್ಷೆ. ಯಾರಾದರೂ ಎಂದರೆ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಆಗಸ್ಟಿನಲ್ಲಿ, ವಿಮಾನ ನಿಲ್ದಾಣದ ಎಕ್ಸ್‌ರೇಗೆ ತೊಡಕಾಗದ ಮರದ ಪೆಟ್ಟಿಗೆಯಲ್ಲಿ ಅಸ್ಥಿಯನ್ನಿಟ್ಟುಕೊಂಡು, ಅಮ್ಮ, ತಂಗಿ, ಮೂವರು ಮೊಮ್ಮಕ್ಕಳೊಡನೆ ಹಾಸನಕ್ಕೆ ಹೋದೆ. ಚಿಕ್ಕಪ್ಪ ನಕ್ಷೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ನೋಡಿ, ಅಣ್ಣ ಎಂಜಿನಿಯರು, ಅವನ ಲೆಕ್ಕ ಸರಿಯಿರಬಹುದು, ಆದರೆ ಅಸ್ಥಿ ಬಿಡುವುದು ಹರಿಯುವ ನೀರಿಗೆ, ಹಿನ್ನೀರು ನಿಂತ ನೀರು ಎಂದರು. ಶಾಸ್ತ್ರದ ಪ್ರಕಾರ ಅವರ ಮಾತೂ ತಪ್ಪಲ್ಲ. ಆ ವರ್ಷ ಮಳೆ ಚೆನ್ನಾಗಿ ಆಗಿ ಜಲಾಶಯ ತುಂಬಿತ್ತು. ಕೊನೆಗೆ ಅಮ್ಮ ನಡುವೆ ಬಂದು, ಅಣೆಕಟ್ಟಿನ ಕೆಳಗೆ, ಗೊರೂರಿನಲ್ಲಿ ಹೊಳೆ ಹರಿಯುವ ಕಡೆ ಬಿಡೋಣ ಎಂದು ತೀರ್ಮಾನಿಸಿದರು, ಹಾಗೆಯೇ ಮಾಡಿದೆವು. ಅದು ಅಪ್ಪ ಹೇಳಿದ ಜಾಗವೂ ಅಲ್ಲ, ಚಿಕ್ಕಪ್ಪ ಹೇಳಿದ ಜಾಗವೂ ಅಲ್ಲ. ಮನೆಗೆ ಬಂದು ಊಟಕ್ಕೆ ಕೂತ ಮೇಲೂ ಚಿಕ್ಕಪ್ಪ ಪೂರ್ತಿ ಒಪ್ಪಿರಲಿಲ್ಲ. ಮುಂದಿನ ವರ್ಷದ ತಿಥಿಯನ್ನು ಪಶ್ಚಿಮವಾಹಿನಿಯಲ್ಲೇ ಮಾಡಬೇಕು, ಟಿಕೆಟ್ಟನ್ನು ಈಗಲೇ ತೆಗೆಸಿಡು ಎಂದು ನನಗೆ ತಾಕೀತು ಮಾಡಿ ಕಳಿಸಿದರು.